ಎಡಗಡೆಯ ಎಂಟು ಕುದುರೆ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಮೊಳೆ, ಆ ಮೊಳೆಗೆ ಒಂದು ಬಟ್ಟೆ ಚೀಲ. ವರ್ಷಗಳಿಂದ ಅದಕ್ಕೆ ಒಂದೇ ವಾಸನೆ: ಬಂಗಡೆ ಮೀನಿನದು, ಅದರ ಮೇಲೆ ಒಣ ಶೆಟ್ಲಿ ಸಿಗಡಿಯದು. ಎಷ್ಟು ಒಗೆದರೂ ಹೋಗದ್ದು. ಈ ವಾರ ಹೆಂಡತಿ ಅದನ್ನು ಬಿಸಿನೀರಿನಲ್ಲಿ ನೆನೆಹಾಕಿ, ತಿಕ್ಕಿ, ನಾಲ್ಕು ದಿನ ಬಿಸಿಲಿಗೆ ಹಾಕಿ ಮತ್ತೆ ಮೊಳೆಗೆ ತೂಗಿದ್ದಾಳೆ. ಇಂದು ಬೆಳಿಗ್ಗೆ ಚಹಾ ಲೋಟ ಹಿಡಿದು ಹೋಗುವಾಗ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅದನ್ನು ಮೂಸಿ ನೋಡಿದೆ. ಬರೀ ಸೋಪು. ಐವತ್ತೆಂಟು ವರ್ಷದ ಗಂಡಸು ಬೆಳಗಾಗೆದ್ದು ಖಾಲಿ ಚೀಲ ಮೂಸಿ ಕಣ್ಣೊರೆಸಿಕೊಂಡ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಆದರೆ ಸ್ವಲ್ಪ ಹೊತ್ತು ಕೂತು ಕೇಳಿ ಹೋಗಿ.

ಚೀಲ ನನ್ನದು, ಅದರೊಳಗಿನ ವಾಸನೆ ವಿಠೋಬನದು. ವಿಠೋಬ ಎಂದರೆ ಅಂಕೋಲೆಯ ಹತ್ತಿರದ ಬೊಬ್ರುವಾಡದಲ್ಲಿರುವ ನನ್ನ ಸ್ನೇಹಿತ, ಹುಟ್ಟಾ ಮೀನುಗಾರ. ನಾನು ಕಾರವಾರದ ಒಂದು ಕಚೇರಿಯಲ್ಲಿ ನಕ್ಷೆ ಬರೆಯುವವನು. ನೆಲವನ್ನು ಇಂಚಿನಲ್ಲಿ ಅಳೆಯುವ ನನಗೂ ಕಡಲನ್ನು ಕಣ್ಣಿನಲ್ಲಿ ಅಳೆಯುವ ಅವನಿಗೂ ಎತ್ತಣಿಂದೆತ್ತಣ ಸಂಬಂಧ ಎಂದರೆ, ಬೊಂಬೆಗಳು. ಹೌದು, ನೀವು ಸರಿಯಾಗಿಯೇ ಕೇಳಿದಿರಿ.

ನೌಕಾಪಡೆಯಿಂದ ನಿವೃತ್ತರಾಗಿ ನಮ್ಮ ಓಣಿಯಲ್ಲಿ ಮನೆ ಮಾಡಿದ ಒಬ್ಬ ಸಾಹೇಬರು ಈ ಹುಚ್ಚನ್ನು ತಂದವರು. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು. ಅದರ ಮೇಲೆ ಥರ್ಮೋಕೋಲಿನ ಗುಡ್ಡ, ಬಣ್ಣ ಬಳಿದ ಹೊಳೆ, ತೆಂಗಿನ ನಾರಿನ ಗಿಡಗಳು. ಆಚೆಗೊಂದು ಸೈನ್ಯ, ಈಚೆಗೊಂದು ಸೈನ್ಯ. ಒಬ್ಬೊಬ್ಬ ಸೈನಿಕನೂ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು. ಸರದಿ ಪ್ರಕಾರ ನಡೆಸಬೇಕು, ಎಷ್ಟು ನಡೆಸಿದೆವೆಂದು ಟೇಪಿನಲ್ಲಿ ಅಳೆಯಬೇಕು, ಹೊಡೆತ ಬಿತ್ತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಬೊಂಬೆಗಳನ್ನು ಕೊಂಡು ತಂದು ಬಣ್ಣ ಹಚ್ಚುವುದು ನಮ್ಮ ನಮ್ಮ ಕೈಯ ಕೆಲಸ. ನಾನು ಹಚ್ಚಿದ ಸೈನ್ಯವನ್ನು ನೋಡಿ ನನ್ನ ಹೆಂಡತಿ, “ಇವ್ರಿಗೆಲ್ಲ ಹಲ್ಲುನೋವಾ?” ಎಂದು ಕೇಳಿದ್ದಳು. ಅವಳ ತಪ್ಪಲ್ಲ. ಎಲ್ಲರ ದವಡೆಯೂ ಒಂದು ಬದಿಗೆ ಊದಿಕೊಂಡಿತ್ತು.

ಸಾಹೇಬರ ಮನೆಗೆ ಮೀನು ಕೊಡಲು ಬಂದವನು ವಿಠೋಬ. ಆಗ ಅವನು ಕಾರವಾರ ಬಂದರಿನ ಒಂದು ಬೋಟಿನಲ್ಲಿ ದುಡಿಯುತ್ತಿದ್ದ. ಬಾಗಿಲಲ್ಲೇ ನಿಂತು ಮೇಜನ್ನು ಬಹಳ ಹೊತ್ತು ನೋಡಿದ. ನಾವು ಅವನು ನಗುತ್ತಾನೆಂದು ಕಾದೆವು. ಅವನು ನಗಲಿಲ್ಲ.

“ಸಾಹೇಬ್ರೆ, ನಿಮ್ಮ ಹೊಳೆ ಸುಳ್ಳು.”

“ಯಾಕಪ್ಪ?”

“ತಿರುವಲ್ಲಿ ಹೊರಬದಿಗೆ ಆಳ ಇರ್ತದೆ, ಒಳಬದಿಗೆ ಮಳಲು ಬೀಳ್ತದೆ. ನೀವು ಎರಡೂ ಬದಿಗೆ ಒಂದೇ ನಮೂನಿ ನೀಲಿ ಬಳ್ದೀರಿ. ಗಂಗಾವಳಿ ಕಂಡಿಲ್ವಾ ನೀವು?”

ಮುಂದಿನ ಭಾನುವಾರ ಅವನೇ ಬಂದು ಹೊಳೆಯನ್ನು ತಿದ್ದಿದ. ಅದರ ಮುಂದಿನ ಭಾನುವಾರ ಆಟಕ್ಕೆ ಕೂತ. ಬಲೆಯ ಕಣ್ಣು ಹೊಲಿಯುವ ಆ ಬೆರಳುಗಳಲ್ಲಿ ಕುಂಚ ಹಿಡಿದು ಅವನು ಬಿಡಿಸುತ್ತಿದ್ದ ಹುಬ್ಬು, ಮೀಸೆ, ಮುಂಡಾಸಿನ ಸುತ್ತುಗಳನ್ನು ನೀವು ನೋಡಬೇಕಿತ್ತು. ಒಬ್ಬೊಬ್ಬ ಸೈನಿಕನಿಗೂ ಊರಿನ ಒಬ್ಬೊಬ್ಬರ ಮುಖ ಕೊಡುತ್ತಿದ್ದ. ಒಬ್ಬ ತೋಪಿನವನಿಗಂತೂ ನನ್ನ ಮುಖವೇ ಇತ್ತು, ಕನ್ನಡಕ ಸಮೇತ. “ನೀ ಶಬ್ದ ಜಾಸ್ತಿ ಮಾಡ್ತೆ, ಗುಂಡು ತಾಗೂದು ಕಮ್ಮಿ. ಅದ್ಕೇ ತೋಪಿಗೆ ಹಾಕ್ದೆ” ಎಂದಿದ್ದ.

ಆಟದಲ್ಲಿ ಒಂದು ನಿಯಮವಿದೆ. ಶತ್ರುವಿನ ಮೇಲೆ ಏರಿಹೋಗುವ ಮೊದಲು ದೂರವನ್ನು ಅಳೆಯುವಂತಿಲ್ಲ. ಕಣ್ಣಂದಾಜಿನಲ್ಲಿ ಹೇಳಿ ಆಮೇಲೆ ಟೇಪು ಹಿಡಿಯಬೇಕು. ಮೂವತ್ತು ವರ್ಷ ಸ್ಕೇಲು ಹಿಡಿದ ನಾನು ಹತ್ತು ಇಂಚು ಎಂದರೆ ಟೇಪು ಏಳು ತೋರಿಸುತ್ತಿತ್ತು. ವಿಠೋಬ ಒಂದು ಕಣ್ಣು ಕಿರಿದು ಮಾಡಿ “ಎಂಟೂವರೆ” ಎಂದರೆ ಎಂಟೂವರೆಯೇ. ಸಾಹೇಬರು ಅಳೆಯುವುದನ್ನೇ ಬಿಟ್ಟುಬಿಟ್ಟಿದ್ದರು.

ಈ ಕಣ್ಣು ಅವನಿಗೆ ಅಪ್ಪನಿಂದ ಬಂದದ್ದು. ಹಿಂದೆ ದಂಡೆಯಿಂದ ರಂಪಣಿ ಬಲೆ ಎಳೆಯುತ್ತಿದ್ದ ಕಾಲದಲ್ಲಿ ಅವನಪ್ಪ ದಿಬ್ಬದ ಮೇಲೆ ನಿಂತು ನೀರಿನ ಬಣ್ಣ ನೋಡುವವನು. ದೂರದಲ್ಲಿ ನೀರು ಒಂದಿಷ್ಟು ಕಪ್ಪಾಗಿ ನಡುಗಿದರೆ ಸಾಕು, “ಆಯ್ಲೆ ರೇ, ಆಯ್ಲೆ!” ಎಂದು ಕೂಗುತ್ತಿದ್ದ; ಬಂದವು, ಬಂಗಡೆ ಬಂದವು ಎಂದು. ಊರಿಗೆ ಊರೇ ಓಡಿಬರುತ್ತಿತ್ತಂತೆ. ಹಗ್ಗಕ್ಕೆ ಕೈ ಹಚ್ಚಿದವನಿಗೆಲ್ಲ ಪಾಲು. ಅಲ್ಲಿ ಇನ್ನೊಂದು ಕಟ್ಟಳೆಯೂ ಇತ್ತೆಂದು ವಿಠೋಬ ಹೇಳುತ್ತಿದ್ದ: “ಕಂಡವ ಕೂಗ್ಬೇಕು. ಮೀನಾಗ್ಲಿ, ಕಲ್ಲಾಗ್ಲಿ, ಕಂಡೂ ಕೂಗದವ್ಗೆ ಪಾಲಿಲ್ಲ.” ಇದನ್ನೇ ಅವನು ನಮ್ಮ ಮೇಜಿಗೂ ತಂದ. ಯಾವ ಬೊಂಬೆ ಎತ್ತಿದರೂ ಬಾಯಲ್ಲಿ ಹೇಳಿಯೇ ನಡೆಸಬೇಕು. “ಈಟಿಯವ್ರು ನಾಲ್ಕಿಂಚು ಮುಂದೆ”, “ತೋಪು ಬಲಕ್ಕೆ” ಹೀಗೆ. ಪುಸ್ತಕದ ನಿಯಮದಲ್ಲಿ ಅದಿರಲಿಲ್ಲ. ನಮ್ಮ ಕಾರವಾರದ ಮೇಜಿನ ನಿಯಮ ಅದು. ಭಾನುವಾರ ಸಾಹೇಬರ ಮನೆಯ ಮುಂದೆ ಹಾದುಹೋಗುವವರಿಗೆ ಒಳಗೆ ಏನೋ ಹರಾಜು ನಡೆದಿದೆ ಎನಿಸುತ್ತಿತ್ತು.

ಈಗ ನನ್ನ ಪಾಪದ ಹತ್ತಿರ ಬಂದೆ. ಬರುವ ಮೊದಲು ಇಷ್ಟು ಸುತ್ತು ಹಾಕಿದ್ದಕ್ಕೆ ಕಾರಣ ನಿಮಗೂ ಗೊತ್ತು, ನನಗೂ ಗೊತ್ತು.

ನಾಲ್ಕು ವರ್ಷದ ಹಿಂದೆ ಸಾಹೇಬರು ಕಾರವಾರದಲ್ಲೇ ಒಂದು ಟೂರ್ನಮೆಂಟ್ ಇಟ್ಟರು. ಗೋವಾದಿಂದ, ಹುಬ್ಬಳ್ಳಿಯಿಂದ, ಬೆಳಗಾವಿಯಿಂದ ಆಟಗಾರರು ಬಂದರು. ಬೇರೆ ಊರುಗಳಲ್ಲಿ ನಡೆದವಕ್ಕೂ ನಾನು ಹೋಗಿದ್ದೆ. ಪ್ರತಿ ಸಲ ಮೊದಲ ಸುತ್ತಿನಲ್ಲೇ ಸೋತು, ಉಳಿದ ದಿನವೆಲ್ಲ ಪರರ ಆಟ ನೋಡುತ್ತ ಬಟಾಟೆವಡೆ ತಿಂದು ಬಂದಿದ್ದೆ. ಈ ಸಲ ದಾಳಕ್ಕೆ ಏನಾಗಿತ್ತೋ, ಗೆಲ್ಲುತ್ತ ಹೋದೆ. ವಿಠೋಬ ಗೆಲ್ಲುವುದು ಆಶ್ಚರ್ಯವಲ್ಲ. ಫೈನಲಿಗೆ ನಾವಿಬ್ಬರೇ ಎದುರುಬದುರು ಕೂತೆವು.

“ಊರ ಕಪ್ಪು ಊರಲ್ಲೇ ಉಳೀತು ಮಾರಾಯ” ಎಂದ ವಿಠೋಬ. “ಯಾರ ಕಪಾಟಿಗೆ ಹೇಳೂದಷ್ಟೇ ಬಾಕಿ.”

ಆಟ ಸರಳ. ನಡುವೆ ಒಂದು ಗುಡ್ಡ, ಗುಡ್ಡದ ಮೇಲೊಂದು ಬಾವುಟ. ಆರು ಸುತ್ತು ಮುಗಿದಾಗ ಬಾವುಟ ಯಾರ ಕೈಯಲ್ಲಿದೆಯೋ ಅವನು ಗೆದ್ದ. ಮೂರನೇ ಸುತ್ತಿನ ಹೊತ್ತಿಗೆ ವಿಠೋಬ ಗುಡ್ಡ ಹತ್ತಿ ಬಾವುಟದ ಸುತ್ತ ಈಟಿಯವರನ್ನು ನಿಲ್ಲಿಸಿ, ಎರಡು ತೋಪುಗಳನ್ನು ಹೊಳೆಯ ಸೇತುವೆಗೆ ಗುರಿಯಿಟ್ಟು ಕೂತಿದ್ದ. ನನ್ನ ಕಾಲಾಳುಗಳೆಲ್ಲ ಆ ಸೇತುವೆಯ ಮೇಲೆ ಸಿಕ್ಕಿಬಿದ್ದು ಒಬ್ಬೊಬ್ಬರಾಗಿ ಸಾಯುತ್ತಿದ್ದರು. ಉಳಿದದ್ದು ನನ್ನ ಬಲಗಡೆಯ ಗಿಡಗಳ ಹಿಂದೆ ನಿಂತ ಎಂಟು ಕುದುರೆ ಮಾತ್ರ. ಎದುರಿಗೆ ಕೂತ ಅವನಿಗೆ ಅದು ಎಡಗಡೆ. ಅವು ಬಯಲಿಗೆ ಬಂದ ಗಳಿಗೆಯಲ್ಲಿ ಅವನು ತೋಪನ್ನು ಆ ಕಡೆ ತಿರುಗಿಸಿದರೆ ಎಂಟೂ ಮಟಾಷ್. ನಾನು ಸೋತಂತೆಯೇ. ಮನಸ್ಸಿನಲ್ಲೇ ವಡೆಯ ಅಂಗಡಿಯ ಕಡೆ ಹೊರಟಾಗಿತ್ತು.

ಆಗ ಚಹಾ ಬಂತು. ಅವನ ಎಡಗೈ ಹತ್ತಿರ ಲೋಟ ಇಟ್ಟು ಹೋದರು. ಸ್ವಲ್ಪ ಹೊತ್ತಿಗೆ ಅವನು, “ಎಲ್ಲರಿಗೂ ಚಾ ಬಂತು, ನಂಗೆ ಇಲ್ವನಾ?” ಎಂದ. ಲೋಟ ಅವನ ಮೊಣಕೈಗೆ ತಾಗುವಷ್ಟು ಹತ್ತಿರ ಹಬೆಯಾಡುತ್ತಿತ್ತು. “ಅಲ್ಲೇ ಇದೆಯಲ್ಲೋ” ಎಂದೆ. ಅವನು ಇಡೀ ತಲೆಯನ್ನು ಎಡಕ್ಕೆ ತಿರುಗಿಸಿದ ಮೇಲೆ ಕಂಡಿತು. “ಹೋ, ಇಲ್ಲೇ ಇತ್ತಾ” ಎಂದು ನಕ್ಕ.

ನಾನು ನಗಲಿಲ್ಲ. ಒಂದೊಂದಾಗಿ ನೆನಪಾದವು. ಹಿಂದಿನ ತಿಂಗಳು ಎಡಕ್ಕೆ ಉರುಳಿದ ದಾಳವನ್ನು ಅವನು ಬಲಕ್ಕೆ ಹುಡುಕಿದ್ದು. ಸಾಹೇಬರ ಮನೆ ಬಾಗಿಲ ಎಡಪಟ್ಟಿಗೆ ಎರಡು ಸಲ ಭುಜ ಬಡಿಸಿಕೊಂಡಿದ್ದು. ಬೆಳಗಿನ ಆಟಗಳಲ್ಲಿ ಪ್ರತಿ ಸರದಿಗೂ ಕೋಳಿಯ ಹಾಗೆ ತಲೆ ತಿರುಗಿಸಿ ತಿರುಗಿಸಿ ನೋಡಿದ್ದು. ಇವನಿಗೆ ಎಡಬದಿ ಕಾಣುವುದಿಲ್ಲ. ಅವನಿಗೇ ಅದು ಗೊತ್ತಿಲ್ಲ. ಲೋಕದಲ್ಲಿ ಆ ಕ್ಷಣ ಅದು ಗೊತ್ತಿದ್ದವನು ನಾನೊಬ್ಬನೇ.

ನಾನು ಏನು ಮಾಡಬೇಕಿತ್ತೆಂದು ನೀವು ಹೇಳಬೇಕಾಗಿಲ್ಲ. “ವಿಠೋಬ, ಆಟ ನಿಲ್ಸು, ನಿನ್ನ ಕಣ್ಣಿಗೆ ಏನೋ ಆಗಿದೆ” ಎನ್ನಬೇಕಿತ್ತು. ನಾನು ಕುದುರೆಗಳನ್ನು ಎತ್ತಿದೆ.

ಬಾಯಲ್ಲಿ ಹೇಳಲಿಲ್ಲ. ಟೂರ್ನಮೆಂಟಿಗೆ ಪುಸ್ತಕದ ನಿಯಮ. ಹೇಳಿ ನಡೆಸಬೇಕೆಂದು ಪುಸ್ತಕದಲ್ಲಿಲ್ಲ ಎಂದು ನನಗೆ ನಾನೇ ವಕೀಲನಾದೆ. ಬಲಗೈಯಲ್ಲಿ ಟೇಪು ಹಿಡಿದು ಕುದುರೆಗಳನ್ನು ಅಂಚಿನುದ್ದಕ್ಕೂ ನಡೆಸುತ್ತ, ಎಡಗೈಯನ್ನು ಸೇತುವೆಯ ಮೇಲೆ ಆಡಿಸುತ್ತ, ಗಟ್ಟಿಯಾಗಿ ಸೇತುವೆಯ ಮಾತನ್ನೇ ಆಡಿದೆ. “ಈ ಸೇತುವೆ ದಾಟಿಯೇ ದಾಟ್ತೇನೆ ನೋಡು.” ಅವನು ಸೇತುವೆಯನ್ನೇ ನೋಡುತ್ತಿದ್ದ. “ದಾಟು ದಾಟು, ತೋಪು ಕಾಯ್ತಿದೆ” ಎಂದು ನಗುತ್ತಿದ್ದ. ಐದನೇ ಸುತ್ತಿನಲ್ಲಿ ಕುದುರೆಗಳು ಬಟಾಬಯಲಿನಲ್ಲಿ ನಿಂತಿದ್ದವು. ಕೂತು ನೋಡುತ್ತಿದ್ದವರಿಗೆಲ್ಲ ಕಂಡವು. ವಿಠೋಬನಂಥವನು ತಿರುಗಿ ನೋಡದಿರುವುದು ಏನೋ ಹೂಟವಿರಬೇಕೆಂದು ಅವರು ಸುಮ್ಮನಿದ್ದರು. ಆರನೇ ಸುತ್ತಿನಲ್ಲಿ ನಾನು ಅವನ ಎಡದಿಂದ ಗುಡ್ಡ ಹತ್ತಿ ಬಾವುಟ ಹಿಡಿದೆ.

ವಿಠೋಬ ಮೊದಲು ಬಾವುಟ ನೋಡಿದ, ಆಮೇಲೆ ತಲೆ ತಿರುಗಿಸಿ ಕುದುರೆ ಬಂದ ದಾರಿ ನೋಡಿದ. ಅವನ ಮುಖದಲ್ಲಿ ಒಂದು ಕ್ಷಣ ಗಾಬರಿ ಬಂತು. ಅದು ಸೋಲಿನ ಗಾಬರಿಯಲ್ಲ, ನಾನು ಕಂಡೆ. ಮರುಕ್ಷಣವೇ ಎದ್ದು ನನ್ನನ್ನು ತಬ್ಬಿಕೊಂಡು, “ಶಾಭಾಸ್ ಮಾರಾಯಾ! ಗಾಳಿ ಬಂದ ಹಾಂಗೆ ಬಂದೆಯಲ್ಲೋ!” ಎಂದ. ಬಂಗಾರದ ಬಣ್ಣದ ಪ್ಲಾಸ್ಟಿಕ್ ಕಪ್ಪು ಸಿಕ್ಕಿತು. ನನ್ನ ಹೆಂಡತಿ ಅದರಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪು ತುಂಬಿಟ್ಟಿದ್ದಾಳೆ.

ಮರುವಾರ ಹೇಳೋಣ ಎಂದುಕೊಂಡೆ. ಹೇಳಿದರೆ, ಗೊತ್ತಿದ್ದೇ ಗೆದ್ದೆಯಾ ಎಂದು ಕೇಳುತ್ತಾನಲ್ಲ. ಅದರ ಮುಂದಿನ ವಾರ ಎಂದುಕೊಂಡೆ. ಅಷ್ಟರಲ್ಲಿ ಅವನು ಸ್ವಂತಕ್ಕೊಂದು ಸಣ್ಣ ದೋಣಿ ಮಾಡಿಕೊಂಡು ಬೊಬ್ರುವಾಡಕ್ಕೆ ಹೊರಟ. ಭಾನುವಾರದ ಆಟ ತಪ್ಪಿತು. ವಯಸ್ಸಾಯಿತು, ಎಲ್ಲರ ಕಣ್ಣೂ ಮಂಜಾಗುತ್ತದೆ, ನನಗೂ ಕನ್ನಡಕವಿಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಮನುಷ್ಯನಿಗೆ ಬೇಕಾದಾಗ ಸಮಾಧಾನಕ್ಕೆ ಬರವಿಲ್ಲ ನೋಡಿ.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಕಡಲಿನಿಂದ ಮರಳುವಾಗ ಅವನು ದೋಣಿಯನ್ನು ಎಡಗಡೆಯ ಒಂದು ಬಂಡೆಗೆ ಬಡಿಸಿದ. ಹುಟ್ಟಿದಾಗಿನಿಂದ ಕಂಡ ಬಂಡೆ. ಜೀವಕ್ಕೇನೂ ಆಗಲಿಲ್ಲ, ದೋಣಿ ಸೀಳಿತು. ಆಗಲೇ ಆಸ್ಪತ್ರೆ. ಜೊತೆಗೆ ಹೋದವನು ನಾನೇ. ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಒಣಗುವ ರೋಗವಂತೆ. ನೋವಿಲ್ಲ, ಸುಳಿವಿಲ್ಲ, ಬದಿಯಿಂದ ತಿನ್ನುತ್ತ ನಡುವಿಗೆ ಬರುತ್ತದೆ. ಹೋದದ್ದು ಮರಳುವುದಿಲ್ಲ.

“ಎರಡು ವರ್ಷ ಮುಂಚೆ ಬಂದಿದ್ದರೆ ದಿನಾ ಔಷಧದ ಹನಿ ಹಾಕಿಯೇ ಉಳಿದದ್ದನ್ನು ಕಾಯಬಹುದಿತ್ತು” ಎಂದರು ಡಾಕ್ಟರು. “ಬದಿ ಕಾಣದಿರುವುದು ರೋಗಿಗೆ ತಿಳಿಯುವುದಿಲ್ಲ. ಜೊತೆಗಿದ್ದವರು ಯಾರೂ ಗಮನಿಸಲಿಲ್ಲವೇ?” ಎಂದು ನನ್ನನ್ನೇ ನೋಡಿದರು.

“ಇಲ್ಲ ಡಾಕ್ಟ್ರೆ” ಎಂದೆ.

ವಿಠೋಬ ನನ್ನ ಕೈ ತಟ್ಟಿ, “ಕಣ್ಣಿಗೂ ಬೀಪಿ ಬತ್ತದೆ ಹೇಳಿ ಪಾಪ ಇಂವ್ಗಾದ್ರೂ ಹ್ಯಾಂಗೆ ಗೊತ್ತಾಗ್ಬೇಕು?” ಎಂದ. ಆ ತಟ್ಟಿದ ಕೈಯನ್ನು ನಾನು ಮರೆತಿಲ್ಲ.

ಈಗ ಅವನಿಗೆ ಬೆಳಕು ಕತ್ತಲೆ ತಿಳಿಯುತ್ತದೆ, ಅಷ್ಟೇ. ಜಗಲಿಯಲ್ಲಿ ಕೂತು ಬೆರಳಿನ ಲೆಕ್ಕದಲ್ಲಿ ಬಲೆ ಹೊಲಿಯುತ್ತಾನೆ. ಅವನ ಹೆಂಡತಿ ಶೇವಂತಿ ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಮೀನು ಮಾರಲು ಹೋಗುತ್ತಾಳೆ. ನಾನು ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗುತ್ತೇನೆ. ಹೊರಡುವಾಗ ಶೇವಂತಿ ನನ್ನ ಚೀಲ ಕಸಿದುಕೊಂಡು ಮೀನು ತುಂಬಿ ಕೊಡುತ್ತಾಳೆ, ಬೇಡವೆಂದರೆ ಕೇಳುವವಳಲ್ಲ. “ನೀವು ಇವ್ರ ಕೂಡೆ ಆಸ್ಪತ್ರಿ ತಿರ್ಗಿದವ್ರು. ನಿಮ್ಗೆ ಪಾಲಿಲ್ದೆ ಮತ್ಯಾರಿಗೆ?” ಎನ್ನುತ್ತಾಳೆ. ಆ ಮೀನಿನ ಹುಳಿ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೆಂಡತಿ ಮುಳ್ಳು ಸಿಕ್ಕಿತೆಂದು ತಿಳಿದು ಅನ್ನದ ತುತ್ತು ನುಂಗಿಸುತ್ತಿದ್ದಳು.

ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿತ್ತು. ವಿಠೋಬ ಆ ಫೈನಲಿನ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ. ಕಳೆದ ಭಾನುವಾರವೂ ಹೇಳಿದ. ಪಕ್ಕದ ಮನೆಯ ಮುದುಕರೊಬ್ಬರು ಬಂದಿದ್ದರು.

“ನನ್ನ ಆಟದಲ್ಲಿ ಎಂತಾ ತಪ್ಪಿರ್ಲಿಲ್ಲ. ಇಂವ ಅದ್ಯಾವ ಮಾಯದಲ್ಲಿ ಬಂದ್ನೋ! ಇಂಥಾ ತಲೆ ನಮ್ಮ ಜಿಲ್ಲೆಯಲ್ಲೇ ಇಲ್ಲ. ಹೌದನೋ?”

ಮುದುಕರು ನನ್ನನ್ನು ಮೆಚ್ಚುಗೆಯಿಂದ ನೋಡಿ ಎದ್ದುಹೋದರು. ನನಗೆ ಸಾಕಾಗಿತ್ತು.

“ವಿಠೋಬ, ಮಾಯ ಅಲ್ಲ. ನಿನಗೆ ಎಡಗಡೆ ಕಾಣೋದಿಲ್ಲ ಅಂತ ನನಗೆ ಅವತ್ತು ಗೊತ್ತಾಗಿತ್ತು. ಚಹಾ ಲೋಟ ಹುಡುಕಿದೆಯಲ್ಲ, ಆಗ. ಗೊತ್ತಾಗಿಯೇ ಆ ಕಡೆಯಿಂದ ಬಂದೆ. ಆಮೇಲೂ ಹೇಳಲಿಲ್ಲ. ಡಾಕ್ಟರಿಗೂ ಸುಳ್ಳು ಹೇಳಿದೆ.”

ಬಲೆಯ ಮೇಲೆ ಅವನ ಬೆರಳು ನಿಂತವು. ಬಾಗಿಲಲ್ಲಿ ಶೇವಂತಿ ನನ್ನ ಚೀಲ ಹಿಡಿದು ನಿಂತಿದ್ದಳು, ಒಂದು ಕೈಯಲ್ಲಿ ಬಂಗಡೆ. ಅವಳು ಕೂಗಾಡುತ್ತಾಳೆಂದು ನಾನು ಕಾದೆ. ಕೂಗಾಡಿದ್ದರೆ ಚೆನ್ನಾಗಿತ್ತು.

“ಈ ಕೈಯಲ್ಲೇ ಕಟ್ಟಿ ಕಟ್ಟಿ ಕೊಟ್ಟೆ ನಾನು” ಎಂದಳು ಮೆಲ್ಲಗೆ. “ಅಯ್ಯೋ ದೇವಾ, ಈ ಕೈಯಲ್ಲೇ.”

ವಿಠೋಬ ಬಲೆಯನ್ನು ಬದಿಗೆ ಸರಿಸಿ, “ಪೆಟ್ಟಿಗೆ ತಕ್ಕೊಂಬಾ” ಎಂದ. ಒಳಗಿನಿಂದ ಅವನ ಬೊಂಬೆಯ ಪೆಟ್ಟಿಗೆ ತಂದೆ. “ಹಾಸು. ಅವತ್ತು ಹ್ಯಾಂಗಿತ್ತೋ ಹಾಂಗೆ.” ಜಗಲಿಯ ಮೇಲೆ ಮಣೆಯನ್ನು ಗುಡ್ಡ ಮಾಡಿ, ಬಲೆಯ ಹಗ್ಗವನ್ನು ಹೊಳೆ ಮಾಡಿ, ಅವನದೇ ಎಂಟು ಕುದುರೆಗಳನ್ನು ನನ್ನವೆಂದು ಮಾಡಿ, ಎಲ್ಲವನ್ನೂ ಇಟ್ಟೆ. “ಈಗ ಆಡು. ಬಾಯಲ್ಲಿ ಹೇಳ್ತಾ ಆಡು.”

“ಕುದುರೆ ಎಂಟು. ಗಿಡದ ಹಿಂದಿನಿಂದ, ನಿನ್ನ ಎಡಗಡೆ, ಹತ್ತು ಇಂಚು ಮುಂದೆ” ಎಂದೆ. ಅವನು ಎಡಗೈ ಚಾಚಿ ಒಂದೊಂದೇ ಕುದುರೆಯ ತಲೆ ಮುಟ್ಟಿ ಎಣಿಸಿದ. ಬಯಲಿನಿಂದ ಗುಡ್ಡದವರೆಗೆ ಗೇಣು ಹಾಕಿ ಅಳೆದ. ತೋಪನ್ನು ಹುಡುಕಿ, ಮೆಲ್ಲಗೆ ಎಡಕ್ಕೆ ತಿರುಗಿಸಿದ. ನನ್ನ ಮುಖ ಹೊತ್ತ ತೋಪಿನವನ ಮೇಲೆ ಅವನ ಬೆರಳು ಒಂದು ಗಳಿಗೆ ನಿಂತಿತು.

“ನಂಗೆ ಕಂಡಿದ್ರೆ ನೀ ಸೋಲ್ತಿದ್ದೆ.”

“ಹೌದು.”

“ಗಟ್ಟಿ ಹೇಳು. ಅವ್ಳಿಗೂ ಕೇಳ್ಲಿ.”

“ಸೋಲ್ತಿದ್ದೆ” ಎಂದು ಕೂಗಿದೆ. ದನಿ ಒಡೆಯಿತು. ಈ ವಯಸ್ಸಿನಲ್ಲಿ, ಆ ಜಗಲಿಯಲ್ಲಿ, ಮೂಗು ಸುರಿಸಿಕೊಂಡು ಅತ್ತೆ.

ಅವನು ನನ್ನನ್ನು ಸಮಾಧಾನ ಮಾಡಲಿಲ್ಲ. ತನ್ನ ಕಣ್ಣಿನ ಮಾತನ್ನೂ ಎತ್ತಲಿಲ್ಲ. ಬೊಂಬೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬಿದ. ಬಸ್ಸಿನ ಹೊತ್ತಾಯಿತೆಂದು ನಾನು ಎದ್ದಾಗ ಒಳಗೆ ತಿರುಗಿ, “ಶೇವಂತಿ, ಚೀಲ ಖಾಲಿ ಕೊಡು” ಎಂದ. ಅವಳು ಕೊಟ್ಟಳು. ಅಂಗಳ ದಾಟುವಾಗ ಹಿಂದಿನಿಂದ ಅವನ ದನಿ ಬಂತು. “ಮುಂದಿನ ಐತವಾರ ಬಾ. ಕಡಲ ದಂಡಿಗೆ ಹೋಗ್ಬೇಕು ನಂಗೆ. ಚೀಲ ತರ್ಬೇಡ.”

ನನ್ನನ್ನು ಕ್ಷಮಿಸಿದನೋ ಇಲ್ಲವೋ ನನಗೆ ತಿಳಿಯದು. ಕೇಳುವ ಮುಖ ನನಗಿರಲಿಲ್ಲ. ಖಾಲಿ ಚೀಲ ಕಂಡು ಹೆಂಡತಿ, “ಇವತ್ತು ಬಂಗಡೆ ಬಿದ್ದಿಲ್ವಾ?” ಎಂದಳು. ಅವಳಿಗೂ ಎಲ್ಲ ಹೇಳಿದೆ. ಅವಳು ಮರುದಿನ ಬೆಳಿಗ್ಗೆ ಎದ್ದು ಕ್ಲಿಪ್ಪುಗಳನ್ನು ಒಂದು ಡಬ್ಬಕ್ಕೆ ಸುರಿದು ಕಪ್ಪನ್ನು ಎಲ್ಲೋ ಕಣ್ಣಿಗೆ ಬೀಳದಂತೆ ಇಟ್ಟಳು, ಚೀಲವನ್ನು ಬಿಸಿನೀರಿಗೆ ಹಾಕಿದಳು.

ಇಂದು ಭಾನುವಾರ. ಎಂಟೂವರೆಯ ಬಸ್ಸಿಗೆ ಹೊರಟಿದ್ದೇನೆ. ದಂಡೆಯಲ್ಲಿ ಅವನ ಎಡಗಡೆಗೆ ನಡೆಯಬೇಕು, ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ನಡೆಯಬೇಕು: ಇಲ್ಲಿ ಹಗ್ಗ, ಇಲ್ಲಿ ಕಲ್ಲು, ಅಲ್ಲಿ ದೂರದಲ್ಲಿ ನೀರು ಕಪ್ಪಾಗಿದೆ. ಎಲ್ಲವನ್ನೂ ಹೇಳಿ ಮುಗಿಸಲು ಎಷ್ಟು ಭಾನುವಾರ ಬೇಕೋ.

“ಚೀಲ ಮರ್ತ್ರಿ” ಎಂದಳು ಹೆಂಡತಿ ಅಭ್ಯಾಸಬಲದಿಂದ. ಆಮೇಲೆ ಅವಳಿಗೇ ನೆನಪಾಯಿತು. ಇಬ್ಬರೂ ಆ ಮೊಳೆಯ ಕಡೆ ನೋಡಲಿಲ್ಲ. ನಾನು ಬರಿಗೈಯಲ್ಲಿ ಮೆಟ್ಟಿಲಿಳಿದೆ.